ಗೇಟಿನಾಚೆ ಬಿದ್ದ ಕೆಸರು: 2022ರ ನೆರೆಯ ನಂತರದ ಒಂದು ತಕರಾರಿನ ಅಧ್ಯಯನ

2022ರ ಸೆಪ್ಟೆಂಬರ್ ಎರಡನೆಯ ವಾರ. ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆಯಲ್ಲಿ ಮನೆಗಳಿಂದ ನೀರು ಇಳಿದು ಕೆಸರು ಉಳಿದಿತ್ತು. ಅದನ್ನು ಎತ್ತಲು ಬಡಾವಣೆಯ ನಿವಾಸಿಗಳ ಸಂಘ ಹೊರಗಿನಿಂದ ಕೂಲಿಕಾರರ ತಂಡವೊಂದನ್ನು ಕರೆಸಿಕೊಂಡಿತು. ಕೆಲಸ ಶುರುವಾದ ಮರುದಿನವೇ ಆ ತಂಡಕ್ಕೂ ವಾರ್ಡಿನ ಪಾಲಿಕೆ ಸಿಬ್ಬಂದಿಗೂ ತಕರಾರು ಹತ್ತಿತು. ಟ್ರ್ಯಾಕ್ಟರುಗಳನ್ನು ತಡೆದರು, ಪಂಪುಗಳನ್ನು ನಿಲ್ಲಿಸಿದರು, ಪೊಲೀಸರು ಬಂದರು. ಕೂಲಿ ಒಪ್ಪಂದದ ಕಾಗದಗಳನ್ನು ನೋಡಿಕೊಡಿ ಎಂದು ಸಂಘದವರು ನನ್ನನ್ನು ಕರೆದಿದ್ದರು. ಕಾಗದ ನೋಡಲು ಹೋದವನು ಎರಡೂ ಕಡೆಯವರ ನಡುವೆ ಮಾತು ಹೊತ್ತು ತಿರುಗುವವನಾದೆ. ಬಡಾವಣೆ, ಕಂಪನಿ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಅವರಲ್ಲಿ ಅನೇಕರು ಇನ್ನೂ ಅದೇ ಕೆಲಸದಲ್ಲಿದ್ದಾರೆ.

ಆ ಮಳೆಯ ನೆನಪು ಹಲವರಿಗೆ ಇರುತ್ತದೆ. ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಆಗಸ್ಟ್ ಕೊನೆಯ ಮಳೆಗೇ ತುಂಬಿದ್ದ ಕೆರೆಗಳು ಒಂದರ ಮೇಲೊಂದು ಕೋಡಿ ಬಿದ್ದವು. ಈ ಭಾಗದ ನೀರೆಲ್ಲ ಸಣ್ಣ ಕೆರೆಗಳಿಂದ ಇಳಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಬೇಕು. ನಡುವಿನ ಕಾಲುವೆಗಳು ಎಷ್ಟು ಕಿರಿದಾಗಿವೆ ಎಂಬುದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಯಮಲೂರು, ಮುನೇಕೊಳಾಲು, ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆಗಳಲ್ಲಿ ಜನ ಟ್ರ್ಯಾಕ್ಟರ್, ದೋಣಿ, ಜೆಸಿಬಿ ಬಕೆಟ್‌ಗಳಲ್ಲಿ ಓಡಾಡಿದ ಚಿತ್ರಗಳು ದೇಶವೆಲ್ಲ ಸುತ್ತಿದವು. ಇದೇ ಮಳೆಗೆ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೂ ನೀರು ನುಗ್ಗಿ ನಗರದ ಹಲವೆಡೆ ಕಾವೇರಿ ಪೂರೈಕೆ ನಿಂತಿತು. ನಮ್ಮ ಬಡಾವಣೆಗೆ ಆಗ ಕಾವೇರಿ ನೀರೇ ಇರಲಿಲ್ಲ, ಬೋರ್‌ವೆಲ್ ಮತ್ತು ಟ್ಯಾಂಕರ್ ಮಾತ್ರ. ಬೋರ್‌ವೆಲ್ ಮುಳುಗಿತ್ತು, ಟ್ಯಾಂಕರ್ ಒಳಗೆ ಬರುವಂತಿರಲಿಲ್ಲ. ಮನೆ ತುಂಬ ನೀರಿದ್ದೂ ಕೆಸರು ತೊಳೆಯಲು ಒಂದು ಕೊಡ ಒಳ್ಳೆಯ ನೀರಿಲ್ಲದ ಸ್ಥಿತಿ.

ಹೊರಗಿನವರು ಯಾರು, ಒಳಗಿನವರು ಯಾರು

ತಂಡ ಬಂದದ್ದು ಮೂರು ಕೈ ದಾಟಿ. ಸಂಘವು ಕಟ್ಟಡ ನಿರ್ವಹಣೆಯ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿತು, ಕಂಪನಿ ಉಪಗುತ್ತಿಗೆದಾರನಿಗೆ ಕೊಟ್ಟಿತು, ಅವನು ಒಬ್ಬ ಮೇಸ್ತ್ರಿಯನ್ನು ಹಿಡಿದ. ಮೇಸ್ತ್ರಿ ಕರೆತಂದ ಗಂಡಸರು, ಹೆಂಗಸರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಗುಳೆ ಬಂದು ಕಟ್ಟಡ ಕೆಲಸ ಮಾಡುತ್ತಾ ವರ್ಷಗಳೇ ಆಗಿದ್ದವು. ಅವರ ತಗಡಿನ ಶೆಡ್ಡುಗಳು ಬಡಾವಣೆಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದ್ದವು. ಅದೇ ನೀರು ಅಲ್ಲಿಗೂ ನುಗ್ಗಿತ್ತು. ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವೂ ತೋಯ್ದಿದ್ದವು. ಹಗಲು ಬೇರೆಯವರ ಮನೆಯ ರಾಡಿ ಎತ್ತಿ ಸಂಜೆ ತಮ್ಮ ಶೆಡ್ಡಿನ ರಾಡಿ ಎತ್ತಬೇಕಿತ್ತು. ಶೆಡ್ಡುಗಳಿಗೆ ಯಾವ ಸಂಘವೂ ಇರಲಿಲ್ಲ, ಯಾವ ತಂಡವೂ ಬರಲಿಲ್ಲ.

ಪಾಲಿಕೆಯ ಕಡತದಲ್ಲಿ ಮಾತ್ರ ಇವರು ‘ಹೊರಗಿನ ಕೂಲಿಗಳು’. ಬಡಾವಣೆಯ ನಿವಾಸಿಗಳೂ ಬಹುಪಾಲು ಬೇರೆ ಊರು, ಬೇರೆ ರಾಜ್ಯಗಳಿಂದ ಬಂದವರೇ. ಅವರನ್ನು ಯಾರೂ ಹಾಗೆ ಕರೆಯಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ವಾರ್ಡಿನ ಕಡೆಯವರೆಂದರೆ ಒಬ್ಬ ಕಿರಿಯ ಆರೋಗ್ಯ ಪರಿವೀಕ್ಷಕರು, ಕಸದ ನಿಯಮ ಕಾಯುವ ಇಬ್ಬರು ಮಾರ್ಷಲ್‌ಗಳು, ಮಳೆನೀರು ಕಾಲುವೆಯ ವಿಭಾಗದ ಒಬ್ಬ ಎಂಜಿನಿಯರ್, ಮತ್ತು ಪೌರಕಾರ್ಮಿಕರು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು; ಮತ್ತೆ ಚುನಾವಣೆ ನಡೆದಿರಲಿಲ್ಲ. ಅಂದರೆ ಕಾರ್ಪೊರೇಟರ್ ಇಲ್ಲದ ವಾರ್ಡ್. ಕಾರ್ಪೊರೇಟರ್‌ಗಳ ಬಗ್ಗೆ ನನಗೆ ವಿಶೇಷ ಮೋಹವಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಒಬ್ಬ ಕಾರ್ಪೊರೇಟರ್ ನಾಲ್ಕು ಫೋನ್ ಮಾಡಿ, ಲಾರಿ ಮಾಲೀಕನನ್ನು ಗದರಿಸಿ, ಊರಿನ ಹಿರಿಯರನ್ನು ಒಪ್ಪಿಸಿ, ‘ಸದ್ಯಕ್ಕೆ ಅಲ್ಲಿ ಹಾಕಿ, ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದ. ಆ ಮಾತಿಗೆ ಕಾನೂನಿನ ಬಲ ಎಷ್ಟಿತ್ತೋ, ಕೆಲಸವಂತೂ ನಡೆಯುತ್ತಿತ್ತು. ಈಗ ಆ ಮಾತು ಹೇಳುವವರೇ ಇರಲಿಲ್ಲ. ಸರ್ಕಾರ ಎಂದರೆ ಬೀದಿಯಲ್ಲಿ ಕೊಡೆ ಹಿಡಿದು ನಿಂತ ಆರೋಗ್ಯ ಪರಿವೀಕ್ಷಕರೊಬ್ಬರೇ.

ಕೆಸರಿಗೆ ಜಾಗ

ಮೊದಲ ಜಗಳ ಟ್ರ್ಯಾಕ್ಟರಿನದು. ಬಡಾವಣೆಯಿಂದ ಹೊರಟ ಟ್ರಾಲಿಗಳು ಪಕ್ಕದ ಹಳೆಯ ಊರಿನ ಅಂಚಿನಲ್ಲಿ, ರಾಜಕಾಲುವೆಯ ದಡಕ್ಕೆ ಹೊಂದಿಕೊಂಡ ಖಾಲಿ ನಿವೇಶನದಲ್ಲಿ ಸುರಿದು ಬರುತ್ತಿದ್ದವು. ಮಾರ್ಷಲ್‌ಗಳು ಎರಡು ಟ್ರ್ಯಾಕ್ಟರುಗಳ ಕೀಲಿ ಕಿತ್ತುಕೊಂಡರು. ಆರೋಗ್ಯ ಪರಿವೀಕ್ಷಕರು ಮೇಸ್ತ್ರಿಯನ್ನು ಕೇಳಿದರು: “ಯಾರನ್ನು ಕೇಳಿ ಇಲ್ಲಿ ಸುರಿದೆ?”

“ಯಾರನ್ನು ಕೇಳಬೇಕಿತ್ತು ಸಾಹೇಬರೇ? ಅವರ ಹೆಸರು ಹೇಳಿ, ಈಗಲೇ ಹೋಗಿ ಕೇಳುತ್ತೇನೆ” ಎಂದ ಮೇಸ್ತ್ರಿ. ಉದ್ಧಟತನದಿಂದ ಹೇಳಿದ ಮಾತಲ್ಲ ಅದು. ಆದರೆ ಸುತ್ತ ನಿಂತವರು ನಕ್ಕುಬಿಟ್ಟರು. ನಗು ಕೇಳಿದ ಮೇಲೆ ಅಧಿಕಾರಿ ಮೆತ್ತಗಾಗುವುದು ಸಾಧ್ಯವಿರಲಿಲ್ಲ.

ಸುರಿದದ್ದು ತಪ್ಪೇ. ಕಾಲುವೆ ದಡದ ಮಣ್ಣು ಮುಂದಿನ ಮಳೆಗೆ ಕಾಲುವೆಗೇ ಜಾರುತ್ತದೆ, ಮತ್ತೆ ನೀರು ಉಕ್ಕುತ್ತದೆ. ಹಳೆಯ ಊರಿನವರು ಗುಂಪಾಗಿ ಬಂದು, “ನಿಮ್ಮ ಮನೆ ಹೊಲಸು ನಮ್ಮ ಬಾಗಿಲಿಗಾ?” ಎಂದು ಕೇಳಿದ್ದರಲ್ಲೂ ನ್ಯಾಯವಿತ್ತು. ಹಾಗಿದ್ದೂ ಎಲ್ಲಿ ಸುರಿಯಬೇಕಿತ್ತು ಎಂಬ ಪ್ರಶ್ನೆಗೆ ವಾರ್ಡ್ ಕಚೇರಿಯಲ್ಲಿ ಉತ್ತರ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದೇ ಈ ಪ್ರಕರಣದ ತಿರುಳು.

ಆ ಕೆಸರಿನಲ್ಲಿ ಬರೀ ಮಣ್ಣಿರಲಿಲ್ಲ. ಹಾಸಿಗೆ, ಸೋಫಾ, ಉಬ್ಬಿದ ಪ್ಲೈವುಡ್, ಫ್ರಿಡ್ಜ್, ಇನ್ವರ್ಟರ್ ಬ್ಯಾಟರಿ, ಔಷಧ, ಜಿರಳೆ ಮದ್ದಿನ ಡಬ್ಬಿ, ಕೊಳೆತ ದಿನಸಿ ಎಲ್ಲವೂ ಕಲಸಿಹೋಗಿದ್ದವು. ಆಗ ಜಾರಿಯಲ್ಲಿದ್ದ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮನೆಯ ಘನತ್ಯಾಜ್ಯಕ್ಕೆ ಒಂದು ದಾರಿ, ಕಟ್ಟಡ ಅವಶೇಷಕ್ಕೆ ಒಂದು, ಎಲೆಕ್ಟ್ರಾನಿಕ್ ವಸ್ತುಗಳಿಗೆ ಇನ್ನೊಂದು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರು ಆಗ ಸಗಟು ತ್ಯಾಜ್ಯ ಉತ್ಪಾದಕರು. ಅವರ ಹೊಣೆ ಬೇರೆ. ಈ ಬಡಾವಣೆ ಆ ಪಟ್ಟಿಯಲ್ಲಿತ್ತು, ಅದರ ಕಸಕ್ಕೆ ಖಾಸಗಿ ವ್ಯವಸ್ಥೆ ಇತ್ತು. ಹಾಗಾಗಿ ಗೇಟಿನ ಒಳಗಿರುವವರೆಗೆ ಕೆಸರು ಸಂಘದ್ದು, ಗೇಟು ದಾಟಿದ ಕ್ಷಣ ಅಕ್ರಮ ವಿಲೇವಾರಿ. ಮನೆಮನೆ ಕಸದ ಆಟೊ ಟಿಪ್ಪರುಗಳಲ್ಲಿ ಇದನ್ನು ಹಾಕಿದರೆ ‘ಮಿಶ್ರ ಕಸ’ ಎಂದು ಮುಂದಿನ ಹಂತದಲ್ಲಿ ವಾಪಸ್ ಕಳಿಸುತ್ತಾರೆ.

ಪರಿವೀಕ್ಷಕರಿಗೆ ಇದಕ್ಕಿಂತ ದೊಡ್ಡ ಭಯ ಒಂದಿತ್ತು. ಬೆಂಗಳೂರಿನ ಕಸದ ಚರಿತ್ರೆ ಗೊತ್ತಿದ್ದವರಿಗೆ ಅದು ತಿಳಿಯುತ್ತದೆ. ನಗರದ ಕಸ ಸುರಿಯುತ್ತಿದ್ದ ಜಾಗಗಳಲ್ಲಿ ಮಾವಳ್ಳಿಪುರ 2012ರಲ್ಲಿ ಮುಚ್ಚಿತು, ಮಂಡೂರು 2014ರ ಕೊನೆಗೆ ನಿಂತಿತು. ಎರಡೂ ಕಡೆ ಹಳ್ಳಿಯವರು ರಸ್ತೆಗೆ ಇಳಿದಿದ್ದರು. ಆಮೇಲೆ ಮಿಟ್ಟಗಾನಹಳ್ಳಿಯಂಥ ಕಲ್ಲು ಕ್ವಾರಿಗಳೇ ಗತಿ. ಲೆಕ್ಕಕ್ಕೆ ಸಿಗದ ಕೆಸರಿನ ಲಾರಿಗಳು ಅಲ್ಲಿಗೆ ಹೋಗಿ ಹಳ್ಳಿಯವರು ಅಡ್ಡಗಟ್ಟಿದರೆ ‘ಯಾವ ವಾರ್ಡಿನದು, ಯಾರು ಸಹಿ ಮಾಡಿದ್ದು’ ಎಂಬ ಪ್ರಶ್ನೆ ಬರುತ್ತದೆ. ಜೊತೆಗೆ ಖಾಸಗಿ ಆಸ್ತಿಯ ಕಸ ಸಾಗಿಸಲು ಸಾರ್ವಜನಿಕ ಹಣ ಬಳಸಿದರೆಂಬ ಆಡಿಟ್ ಆಕ್ಷೇಪ. ವಿಪತ್ತು ನಿರ್ವಹಣಾ ಕಾಯ್ದೆ 2005ರ 34ನೇ ಕಲಂ ಜಿಲ್ಲಾ ಪ್ರಾಧಿಕಾರಕ್ಕೆ ಅವಶೇಷ ತೆರವು ಮಾಡುವ, ಜನರ ಓಡಾಟ ನಿಯಂತ್ರಿಸುವ ಅಧಿಕಾರ ಕೊಡುತ್ತದೆ. ಆ ಅಧಿಕಾರದ ಒಂದು ಸಾಲಿನ ಆದೇಶವಾದರೂ ಕೈಗೆ ಬಂದಿದ್ದರೆ ಪರಿವೀಕ್ಷಕರ ಬಾಯಿಯ ಮಾತು ಬೇರೆಯಾಗಿರುತ್ತಿತ್ತು. ಬಂದಿರಲಿಲ್ಲ. ತಡೆಯುವುದಕ್ಕೆ ಅವರಿಗೆ ಅಧಿಕಾರವಿತ್ತು, ಜಾಗ ತೋರಿಸುವುದಕ್ಕೆ ಇರಲಿಲ್ಲ. ಇಂಥ ಸ್ಥಿತಿಯಲ್ಲಿ ಯಾವ ನೌಕರನೂ ತಡೆಯುವುದನ್ನೇ ಮಾಡುತ್ತಾನೆ.

ಈ ಕಡೆಯ ಲೆಕ್ಕವನ್ನೂ ನೋಡಬೇಕು. ಒಪ್ಪಂದದ ಕಾಗದದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಉಪಗುತ್ತಿಗೆದಾರನಿಗೆ ಹಣ ಟ್ರಿಪ್ ಲೆಕ್ಕದಲ್ಲಿ. ಹಾಗಾಗಿ ಮೇಸ್ತ್ರಿಗೂ, ತಂಡಕ್ಕೂ ಟ್ರಿಪ್ ಲೆಕ್ಕವೇ. ಹೆಚ್ಚು ಟ್ರಿಪ್ ಆಗಬೇಕೆಂದರೆ ಹತ್ತಿರ ಸುರಿಯಬೇಕು. ಟ್ರ್ಯಾಕ್ಟರ್ ನಿಂತರೆ ಆ ಹೊತ್ತಿನ ಕೂಲಿಯೇ ಇಲ್ಲ. ‘ಇವರಿಗೆ ಊರಿನ ಮೇಲೆ ಕಾಳಜಿ ಇಲ್ಲ’ ಎಂದು ಮಾರ್ಷಲ್ ಹೇಳಿದ. ಊರಿನ ಮೇಲಿನ ಕಾಳಜಿಗೆ ಒಪ್ಪಂದದಲ್ಲಿ ದರ ನಮೂದಾಗಿರಲಿಲ್ಲ, ಟ್ರಿಪ್ಪಿಗೆ ನಮೂದಾಗಿತ್ತು. ಸಂಘದವರು ಓದಿದವರು, ದೊಡ್ಡ ಕಂಪನಿಗಳಲ್ಲಿ ಗುತ್ತಿಗೆಗಳನ್ನು ಬರೆಯುವವರು. ಕೆಸರು ಎಲ್ಲಿಗೆ ಹೋಗಬೇಕು ಎಂಬ ಸಾಲು ಅವರ ಕಾಗದದಲ್ಲೂ ಇರಲಿಲ್ಲ. ಗೇಟಿನಿಂದಾಚೆ ಹೋದರೆ ಸಾಕಿತ್ತು.

ಪೌರಕಾರ್ಮಿಕರ ಸಿಟ್ಟು

ಟ್ರ್ಯಾಕ್ಟರ್ ನಿಂತ ಮೇಲೆ ತಂಡದವರು ಕೆಸರನ್ನು ಗೇಟಿನ ಮುಂದಿನ ರಸ್ತೆಗೇ ಗುಡ್ಡೆ ಹಾಕಿದರು. ಬೆಳಿಗ್ಗೆ ಆರೂವರೆಗೆ ಹಾಜರಿ ಕೊಟ್ಟು ಬಂದ ಪೌರಕಾರ್ಮಿಕ ಹೆಂಗಸರಿಗೆ ಎದುರಾದದ್ದು ಆ ಗುಡ್ಡೆ. ಅಂದು ಯಾರೋ ದೊಡ್ಡವರು ಸಮೀಕ್ಷೆಗೆ ಬರುವವರಿದ್ದರು. ಅಷ್ಟರೊಳಗೆ ರಸ್ತೆ ತೆರವಾಗಲಿ ಎಂದು ಪಾಲಿಕೆಯ ಮೇಸ್ತ್ರಿ ಹೇಳಿದ. ಅವರು ಪೊರಕೆ ಕೆಳಗಿಟ್ಟರು.

ಎರಡು ತಿಂಗಳ ಹಿಂದೆ, ಜುಲೈ 1ರಿಂದ, ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಸ್ವಾತಂತ್ರ್ಯ ಉದ್ಯಾನದಲ್ಲಿ ಕುಳಿತಿದ್ದರು. ಕೆಲಸ ಕಾಯಂ ಮಾಡಿ ಎಂಬುದು ಬೇಡಿಕೆ. ಆ ಧೈರ್ಯ ಇನ್ನೂ ಆರಿರಲಿಲ್ಲ. ನಿಯಮದ ಪ್ರಕಾರ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ. ಅದು ಬೀದಿ ಗುಡಿಸುವ ಲೆಕ್ಕ, ನೆರೆಯ ಹೂಳೆತ್ತುವ ಲೆಕ್ಕವಲ್ಲ. ಅವರ ಕೈಯಲ್ಲಿದ್ದದ್ದು ಪೊರಕೆ ಮತ್ತು ತಳ್ಳುಗಾಡಿ. ಸಲಿಕೆ, ಬಾಂಡ್ಲಿ, ಗಂಬೂಟು ಯಾವುದೂ ಇಲ್ಲ. “ಕಂಪನಿಯವರು ಅವರಿಗೆ ಬೂಟು ಕೊಟ್ಟು ದುಡ್ಡೂ ಜಾಸ್ತಿ ಕೊಡುತ್ತಾರೆ. ಅವರು ಹಾಕಿದ್ದನ್ನು ನಾವು ಎತ್ತಬೇಕಾ?” ಎಂದರು ಒಬ್ಬರು.

ವಾಸ್ತವದಲ್ಲಿ ಬೂಟು ತಂಡದ ಅರ್ಧ ಜನಕ್ಕೂ ಇರಲಿಲ್ಲ. ಮೇಸ್ತ್ರಿಯ ಕಮಿಷನ್, ಊಟದ ಕಡಿತ ಹೋದ ಮೇಲೆ ಹೆಂಗಸರ ಕೈಗೆ ಬರುತ್ತಿದ್ದದ್ದು ಪೌರಕಾರ್ಮಿಕರು ಅಂದುಕೊಂಡಷ್ಟಲ್ಲ. ಇದು ಗೊತ್ತಾದದ್ದು ಯಾವ ಸಭೆಯಲ್ಲೂ ಅಲ್ಲ. ರಾಯಚೂರಿನ ಹೆಂಗಸೊಬ್ಬಳ ಅಂಗಾಲಿಗೆ ಗಾಜು ಹೊಕ್ಕಿತ್ತು. ಅದನ್ನು ತೆಗೆದು ಕಟ್ಟಿದ್ದು ಒಬ್ಬ ಹಿರಿಯ ಪೌರಕಾರ್ಮಿಕೆ. “ಎಷ್ಟು ಕೊಡುತ್ತಾರೆ ತಂಗಿ?” ಎಂದು ಅವರು ಕೇಳಿದ್ದು, “ಇನ್ನೂ ಕೊಟ್ಟಿಲ್ಲ ಅಕ್ಕಾ” ಎಂದು ಇವಳು ಹೇಳಿದ್ದು. ಅಲ್ಲಿಂದಾಚೆ ಆ ಎರಡು ಗುಂಪುಗಳ ನಡುವೆ ಕಿರಿಕಿರಿ ಉಳಿಯಿತು, ಹಗೆ ಉಳಿಯಲಿಲ್ಲ.

ಪಂಪಿನ ಜಗಳವನ್ನು ಚಿಕ್ಕದಾಗಿ ಹೇಳುತ್ತೇನೆ. ಬಡಾವಣೆಯ ಪಕ್ಕದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ನೀರನ್ನು ತಂಡದವರು ಡೀಸೆಲ್ ಪಂಪ್ ಇಟ್ಟು ರಸ್ತೆಗೆ ಬಿಟ್ಟರು. ರಸ್ತೆಯ ಇಳಿಜಾರು ಹಳೆಯ ಊರಿನ ಕಡೆಗೆ. ಒಂದು ಕಡೆ ಇಳಿದ ನೀರು ಇನ್ನೊಂದು ಕಡೆ ಏರಿತು. ಪೊಲೀಸರು ಬಂದದ್ದು ಆಗಲೇ. ಕಾಲುವೆ ಎಂಜಿನಿಯರ್ ಮೋರಿಯ ಗೋಡೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಸಿ, ನೀರು ಈ ಗೆರೆಗಿಂತ ಕೆಳಗಿದ್ದಾಗ ಮಾತ್ರ ಪಂಪ್ ಓಡಿಸಿ, ಪೈಪನ್ನು ನೇರ ಕಾಲುವೆಗೆ ಬಿಡಿ ಎಂದರು. ಜಗಳ ಅಲ್ಲಿಗೆ ಮುಗಿಯಿತು. ಇಡೀ ಪ್ರಕರಣದಲ್ಲಿ ಒಬ್ಬ ಅಧಿಕಾರಿ ‘ಬೇಡ’ ಎನ್ನುವ ಬದಲು ‘ಹೀಗೆ ಮಾಡಿ’ ಎಂದದ್ದು ಅದೇ ಮೊದಲು. ಆ ಮಾತನ್ನು ಕೂಲಿಕಾರರು ಒಂದು ಎದುರು ಮಾತಿಲ್ಲದೆ ಪಾಲಿಸಿದರು ಎಂಬುದನ್ನು ಗಮನಿಸಬೇಕು.

ಎಸ್‌ಟಿಪಿ ಬಾಯಿಯಲ್ಲಿ

ನನ್ನನ್ನು ಈ ಪ್ರಕರಣ ಬರೆಯಲು ಹಚ್ಚಿದ್ದು ಮುಂದಿನ ಘಟನೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಅಂದರೆ ಎಸ್‌ಟಿಪಿ, ಹೂಳು ತುಂಬಿ ನಿಂತುಹೋಗಿತ್ತು. ತೊಟ್ಟಿಯೊಳಗಿನ ಪಂಪಿಗೆ ಕಟ್ಟಿಕೊಂಡ ಚಿಂದಿ ಬಿಡಿಸಲು ಇಬ್ಬರನ್ನು ಇಳಿಸುವಂತೆ ಉಪಗುತ್ತಿಗೆದಾರ ಮೇಸ್ತ್ರಿಗೆ ಹೇಳಿದ. ಹೆಚ್ಚಿನ ಕೂಲಿ, ಅರ್ಧ ಗಂಟೆಯ ಕೆಲಸ. ಇಬ್ಬರು ಯುವಕರು ಅಂಗಿ ಕಳಚಿ ಸಿದ್ಧರಾದರು.

ಇಂಥ ತೊಟ್ಟಿಗಳು ಈ ನಗರದಲ್ಲಿ ಎಷ್ಟು ಜನರನ್ನು ನುಂಗಿವೆ ಎಂಬುದು ಪತ್ರಿಕೆ ಓದುವವರಿಗೆ ಗೊತ್ತು. 2017ರ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ನಗರದ ಬಳಿ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಸಮೀಪದ ಅಪಾರ್ಟ್‌ಮೆಂಟ್ ಒಂದರ ಎಸ್‌ಟಿಪಿಯಲ್ಲಿ ಮತ್ತೆ ಮೂವರು. ಕಲಕಿದ ಹೂಳಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ; ಒಬ್ಬ ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ 7ನೇ ಕಲಂ ನಿಷೇಧಿಸುತ್ತದೆ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಆರೋಗ್ಯ ಪರಿವೀಕ್ಷಕರಿಗೆ ಯಾರೋ ಸುದ್ದಿ ಮುಟ್ಟಿಸಿದರು. ಅವರು ಓಡಿಬಂದು ತೊಟ್ಟಿಯ ಬಾಯಿಗೆ ಅಡ್ಡ ನಿಂತರು. ಕೂಲಿಕಾರರು ಅವರ ಮಾತು ಕೇಳಲಿಲ್ಲ. ನಾಲ್ಕು ದಿನದಿಂದ ಟ್ರ್ಯಾಕ್ಟರ್ ತಡೆದವನು, ಕೀಲಿ ಕಿತ್ತುಕೊಂಡವನು, ಚೀಟಿ ಕೇಳಿದವನು ಇವನೇ. ಈಗಲೂ ಹೊಟ್ಟೆಗೆ ಹೊಡೆಯಲು ಬಂದ ಎಂದುಕೊಂಡರು. ಇಬ್ಬರಲ್ಲಿ ಒಬ್ಬ ಅವರನ್ನು ತಳ್ಳಿಯೇಬಿಟ್ಟ. ಮಾರ್ಷಲ್‌ಗಳು ಅವನ ಕತ್ತಿನ ಪಟ್ಟಿ ಹಿಡಿದರು. ಮುಂದಿನ ಹತ್ತು ನಿಮಿಷ ಗದ್ದಲ. ತೊಟ್ಟಿಗೆ ಯಾರೂ ಇಳಿಯಲಿಲ್ಲ, ಆದರೆ ಇಳಿಯಬಾರದು ಎಂದು ಅರ್ಥವಾಗಿ ನಿಂತದ್ದಲ್ಲ; ಗದ್ದಲದಲ್ಲಿ ಅವಕಾಶ ತಪ್ಪಿತು, ಅಷ್ಟೇ. ಸಣ್ಣ ಸಣ್ಣ ಅಡ್ಡಿಗಳಲ್ಲಿ ಖರ್ಚಾಗಿಹೋದ ಅಧಿಕಾರ ಜೀವ ಉಳಿಸಬೇಕಾದ ಹೊತ್ತಿಗೆ ಕೈಯಲ್ಲಿ ಉಳಿದಿರಲಿಲ್ಲ. ಕೆಸರಿನ ಜಗಳದಿಂದಾದ ನಿಜವಾದ ಹಾನಿ ಎಂದು ನಾನು ಲೆಕ್ಕ ಹಾಕುವುದು ಇದನ್ನು, ತಡವಾದ ಟ್ರಿಪ್ಪುಗಳನ್ನಲ್ಲ.

ತಳ್ಳಿದ ಹುಡುಗನ ಮೇಲೆ ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಎಂದು ದೂರು ಕೊಡಬೇಕೆಂದು ಮಾರ್ಷಲ್‌ಗಳು ಹಟ ಹಿಡಿದರು. ಪರಿವೀಕ್ಷಕರು ಒಪ್ಪಲಿಲ್ಲ. ಕೊಟ್ಟಿದ್ದರೆ ತಂಡ ಅಂದೇ ಶೆಡ್ಡು ಖಾಲಿ ಮಾಡಿ ಊರಿಗೆ ಬಸ್ ಹತ್ತುತ್ತಿತ್ತು.

ಆ ಸಂಜೆ ಹಳೆಯ ಊರಿನ ದೇವಸ್ಥಾನದ ಜಗಲಿಯಲ್ಲಿ ಎಲ್ಲರೂ ಸೇರಿದರು. ಸಂಘದ ಕಾರ್ಯದರ್ಶಿ, ಪರಿವೀಕ್ಷಕರು, ಕಾಲುವೆ ಎಂಜಿನಿಯರ್, ಊರಿನ ಇಬ್ಬರು ಹಿರಿಯರು, ಮೇಸ್ತ್ರಿ. ಉಪಗುತ್ತಿಗೆದಾರ ಬರಲಿಲ್ಲ. ಎರಡು ಗಂಟೆ ಬೈಗುಳವೇ ನಡೆಯಿತು. ಆಮೇಲೆ ಎಂಜಿನಿಯರ್ ಒಂದು ಮಾತು ತೆಗೆದರು: ಪಾಲಿಕೆಗೇ ಸೇರಿದ, ಕಾಲುವೆಯಿಂದ ದೂರದ, ಬೇಲಿ ಹಾಕಿದ ಒಂದು ಜಾಗವಿದೆ, ಅಲ್ಲಿ ತಾತ್ಕಾಲಿಕವಾಗಿ ಹಾಕಬಹುದು. ಅಷ್ಟು ದಿನ ಆ ಜಾಗದ ವಿಚಾರ ಬರಲಿಲ್ಲವೇಕೆ ಎಂದರೆ, ಜಾಗ ಎಂಜಿನಿಯರಿಂಗ್ ವಿಭಾಗದ್ದು, ಕಸ ಆರೋಗ್ಯ ವಿಭಾಗದ್ದು. ಇಬ್ಬರೂ ಒಂದೇ ಜಗಲಿಯಲ್ಲಿ ಕುಳಿತದ್ದು ಅಂದೇ.

ಊರಿನ ಹಿರಿಯರು ಒಂದು ಷರತ್ತು ಹಾಕಿದರು. ತಮ್ಮ ಬೀದಿಗಳ ಮತ್ತು ಶೆಡ್ಡುಗಳ ಕೆಸರು ಮೊದಲು ಹೋಗಬೇಕು, ಬಡಾವಣೆಯದು ಆಮೇಲೆ. ಶೆಡ್ಡುಗಳನ್ನು ಅವರು ಸೇರಿಸಿದ್ದು ನನಗೆ ಅನಿರೀಕ್ಷಿತ. ಬಾಡಿಗೆ ಬರುವ ಜಾಗ ಎಂಬುದೂ ಕಾರಣವಿರಬಹುದು. ಕಾರ್ಯದರ್ಶಿ ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಟ್ರಿಪ್ ಲೆಕ್ಕ ಬಿಟ್ಟು ದಿನಗೂಲಿ ಮಾಡಲು ನಾನು ಒತ್ತಾಯಿಸಿದೆ. ಅದಕ್ಕೂ ಒಪ್ಪಿಗೆ ಸಿಕ್ಕಿತು. ಹಾಸಿಗೆ, ಮರ, ಬ್ಯಾಟರಿಗಳನ್ನು ಮನೆಯಂಗಳದಲ್ಲೇ ಬೇರೆ ತೆಗೆದು ಮಣ್ಣನ್ನು ಮಾತ್ರ ಟ್ರಾಲಿಗೆ ಹಾಕುವುದು, ಪ್ರತಿ ಟ್ರಾಲಿಗೂ ಸಂಘ ಮತ್ತು ವಾರ್ಡ್ ಕಚೇರಿ ಎರಡರ ಸಹಿ ಇರುವ ಚೀಟಿ. ಚೀಟಿ ಪುಸ್ತಕವನ್ನು ಕಾರ್ಯದರ್ಶಿ ಅಲ್ಲೇ ಪಕ್ಕದ ಅಂಗಡಿಯಿಂದ ತರಿಸಿದರು. ಎಸ್‌ಟಿಪಿಗೆ ಹೀರುವ ಯಂತ್ರದ ವಾಹನ ತರಿಸುವ ಖರ್ಚು ಅಪಾರ್ಟ್‌ಮೆಂಟಿನವರದು.

ಇಲಿ ಜ್ವರದ ಮಾತ್ರೆಯ ವಿಷಯವೂ ಅಲ್ಲೇ ಬಂತು. ಆರೋಗ್ಯ ಶಿಬಿರದಲ್ಲಿ ವಿಳಾಸ ಕೇಳಿ ಡಾಕ್ಸಿಸೈಕ್ಲಿನ್ ಕೊಡುತ್ತಿದ್ದರು. ಕೊಳಚೆಯಲ್ಲಿ ಮೊಣಕಾಲುದ್ದ ನಿಂತವರಿಗೆ ವಾರ್ಡಿನ ವಿಳಾಸವಿರಲಿಲ್ಲ. ಪರಿವೀಕ್ಷಕರು ಮರುದಿನ ಶಿಬಿರವನ್ನೇ ಗೇಟಿನ ಬಳಿಗೆ ಕರೆತಂದರು.

ಕೆಲಸ ಮುಗಿಯಿತು. ಕೂಲಿ ಮಾತ್ರ ಬರಲಿಲ್ಲ. ಉಪಗುತ್ತಿಗೆದಾರ ಫೋನ್ ಎತ್ತುವುದನ್ನು ನಿಲ್ಲಿಸಿದ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕಿತ್ತು. ಆದರೆ ಆ ಕಾಯ್ದೆ ಅನ್ವಯವಾಗಲು 20 ಮಂದಿ ಇರಬೇಕಿತ್ತು. ಅವನ ರಿಜಿಸ್ಟರಿನಲ್ಲಿ ಹೆಸರುಗಳು 20ನ್ನು ಮುಟ್ಟುತ್ತಿರಲಿಲ್ಲ, ಕೆಸರಿನಲ್ಲಿ ನಿಂತವರು ಅದಕ್ಕಿಂತ ಹೆಚ್ಚು. ಆಗಿದ್ದ ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಇವರಿಗೆ ಹೊಂದುತ್ತಿರಲಿಲ್ಲ, ಏಕೆಂದರೆ ಯಾದಗಿರಿಯಿಂದ ಬೆಂಗಳೂರಿಗೆ ಬಂದವರು ರಾಜ್ಯದ ಗಡಿ ದಾಟಿರಲಿಲ್ಲ. ಕೊನೆಗೆ ನೆರವಾದದ್ದು ಆ ಚೀಟಿ ಪುಸ್ತಕ. ಯಾವ ದಿನ ಎಷ್ಟು ಟ್ರಾಲಿ, ಯಾರು ತುಂಬಿಸಿದ್ದು ಎಂಬುದು ಎರಡು ಸಹಿಯೊಂದಿಗೆ ಅದರಲ್ಲಿತ್ತು. ಅದನ್ನು ಇಟ್ಟುಕೊಂಡು ಸಂಘವು ಕಂಪನಿಗೆ ಕೊಡಬೇಕಾದ ಹಣದಲ್ಲಿ ಮುರಿದು ಕೂಲಿಯನ್ನು ನೇರವಾಗಿ ಕೈಗೆ ಬಟವಾಡೆ ಮಾಡಿತು. ಇಬ್ಬರು ಅಷ್ಟರೊಳಗೆ ಊರಿಗೆ ಹೋಗಿದ್ದರು. ಅವರ ಪಾಲು ಮೇಸ್ತ್ರಿಯ ಕೈಗೆ ಹೋಯಿತು. ಅವರಿಗೆ ತಲುಪಿತು ಎಂದು ಮೇಸ್ತ್ರಿ ಹೇಳುತ್ತಾನೆ.

ತಾತ್ಕಾಲಿಕ ಜಾಗದ ಮಣ್ಣಿನಲ್ಲಿ ಒಂದು ಭಾಗ ಲಾರಿಗಳಲ್ಲಿ ಹೋಯಿತು, ಉಳಿದದ್ದರ ಮೇಲೆ ಪಾರ್ಥೇನಿಯಂ ಬೆಳೆಯಿತು. ಈಗ ಆ ಪಾಲಿಕೆ, ಅಂದರೆ ಬಿಬಿಎಂಪಿಯೇ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆಗಳು. ವಿಪತ್ತು ನಿರ್ವಹಣಾ ಕಾಯ್ದೆಗೆ ಅದೇ ವರ್ಷ ತಂದ ತಿದ್ದುಪಡಿ, ರಾಜಧಾನಿ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ದಾರಿ ಮಾಡಿದೆ. ಆ ಪ್ರಾಧಿಕಾರ ಯೋಜನೆ ಬರೆಯುವಾಗ ವಾರ್ಡಿಗೊಂದು ಜಾಗ, ಆ ಜಾಗಕ್ಕೊಬ್ಬ ಸಹಿ ಮಾಡುವವನು ಎಂಬ ಎರಡು ಸಾಲು ಸೇರಿಸಿದರೆ ಇಲ್ಲಿ ಬರೆದ ಜಗಳದ ಮುಕ್ಕಾಲು ಭಾಗ ಹುಟ್ಟುತ್ತಿರಲಿಲ್ಲ.

ಪರಿವೀಕ್ಷಕರಿಗೆ ಮುಂದಿನ ವರ್ಷ ಒಂದು ನೋಟಿಸ್ ಬಂತು. ಯಾವ ಆದೇಶದ ಮೇರೆಗೆ ಖಾಸಗಿ ಬಡಾವಣೆಯ ತ್ಯಾಜ್ಯವನ್ನು ಪಾಲಿಕೆಯ ಜಾಗದಲ್ಲಿ ಹಾಕಲು ಅನುಮತಿಸಿದಿರಿ ಎಂದು ವಿವರಣೆ ಕೇಳಿದ್ದರು. ಅವರು ಚೀಟಿ ಪುಸ್ತಕದ ನಕಲು ಪ್ರತಿಯನ್ನು ಲಗತ್ತಿಸಿ, ಮೂರು ಸಾಲಿನ ಉತ್ತರ ಬರೆದು ಕಳಿಸಿದರು.